ಬಟ್ಟೆ ಹಾಸುವುದನ್ನು ಕಲಿಸಿದವನು

ಅವನು ಬೇರೆ ವರ್ಕ್‌ಶಾಪ್ ಸೇರಿಕೊಂಡಿದ್ದಾನೆಂದೇ ಅವಳು ತಿಳಿದಿದ್ದಳು. ಹೇಳದೆ ಕೇಳದೆ ನಾಪತ್ತೆಯಾಗಿದ್ದವನು ಆ ಬೆಳಿಗ್ಗೆ ಕಿಟಕಿಯ ಹೊರಗೆ ಬಂದು ನಿಂತಾಗ ಅವಳು ಬೇಕೆಂದೇ ತಲೆ ಎತ್ತಲಿಲ್ಲ.

ಸರ್ಫ್‌ಬೋರ್ಡಿನ ಫೋಮನ್ನು ಉಜ್ಜಿ ನಯ ಮಾಡುವುದು ಅವಳ ಕೆಲಸ. ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟುದ್ರವ ಸುರಿದು ಗಟ್ಟಿ ಮಾಡುವುದು ಅವನದು.

ವಿಷಯ ಹೇಳಿದ್ದು ವರ್ಕ್‌ಶಾಪಿನ ಯಜಮಾನರು. ಅವನ ಶ್ವಾಸಕೋಶ ಕೆಟ್ಟಿದೆ, ರೆಸಿನ್ ವಾಸನೆ ಇನ್ನು ಹತ್ತಿರವೂ ಸುಳಿಯಬಾರದು, ಹಾಳಾದದ್ದು ಸರಿಹೋಗುವಂಥದ್ದಲ್ಲವಂತೆ. ನಾಳೆ ಅಕ್ಕನ ಮನೆಗೆ ಹೊರಡುತ್ತಾನೆ. ಅಷ್ಟರಲ್ಲಿ ಅವಳಿಗೆ ಕೆಲಸ ಕಲಿಸುತ್ತೇನೆ, ಹೊರಗೆ ನಿಂತೇ ಕಲಿಸುತ್ತೇನೆ ಎಂದು ಕೇಳಿಕೊಂಡಿದ್ದಾನೆ.

ಅವಳು ಮಾಸ್ಕ್ ಹಾಕಿಕೊಂಡು, ಮುಚ್ಚಿದ ಕಿಟಕಿಯಾಚೆಯಿಂದ ಅವನು ಮಾಡಿದ ಕರೆಯನ್ನು ಸ್ಪೀಕರಿಗೆ ಹಾಕಿದಳು. ಪ್ರತಿ ಮಾತಿನ ನಡುವೆ ಅವನ ಉಸಿರು ಕೀರಲಾಗಿ ಕೇಳುತ್ತಿತ್ತು.

ಬೋರ್ಡ್ ಹಗುರ ಇರಲೆಂದು ಅವಳು ನಾಲ್ಕು ಔನ್ಸಿನ ತೆಳು ಬಟ್ಟೆ ತೆಗೆದಳು. ಅವನು ಬೇಡವೆಂದ. ಬೋರ್ಡ್ ಮಾಡಿಸಿದವನು ದಪ್ಪ ಆಳು, ದೊಡ್ಡ ಅಲೆಗೆ ಇಳಿಯುವವನು. ಕಾಲೂರುವ ಕಡೆ ತಗ್ಗು ಬಿದ್ದುಹೋಗುತ್ತದೆ. ಆರು ಔನ್ಸಿನ ದಪ್ಪ ಬಟ್ಟೆಯೇ ಇರಲಿ, ಮೇಲುಗಡೆ ಎರಡು ಪದರ.

"ಚಾದರ ಕೊಡವಿದ ಹಾಗೆ ಕೊಡವಬೇಡ, ಎಳೆ ಜರುಗುತ್ತೆ. ಅದು ನಿನ್ನಷ್ಟೇ ಸೂಕ್ಷ್ಮ," ಎಂದ. ಅವಳು ಮೊದಲ ಸಲ ಕಿಟಕಿಯತ್ತ ನೋಡಿದಳು. ಅವನೂ ನೋಡುತ್ತಿದ್ದ. ಕೆನ್ನೆ ಎಷ್ಟು ಒಳಹೋಗಿತ್ತು.

ರೆಸಿನ್ ಕುಡಿದ ಬಿಳಿ ಬಟ್ಟೆ ಪಾರದರ್ಶಕವಾಗತೊಡಗಿತು. ನಡುವಿನಿಂದ ಅಂಚಿಗೆ ತಳ್ಳುತ್ತ ಬಂದವಳಿಗೆ ತುದಿಯ ತಿರುವಿನಲ್ಲಿ ಗಾಳಿಗುಳ್ಳೆ ಎದ್ದದ್ದು ಕಂಡಿತು. ರೆಸಿನ್ ಗಟ್ಟಿಯಾಗುತ್ತಿತ್ತು. ಅವನು ಮೈಮರೆತು ಬಾಗಿಲಿಗೆ ಓಡಿಬಂದ. ಅವಳು ಎಲ್ಲ ಬಿಟ್ಟು ಹೋಗಿ ಚಿಲಕ ಹಾಕಿದಳು.

"ಬಾಗಿಲು ತೆಗಿ, ಬೋರ್ಡ್ ಹಾಳಾಗುತ್ತೆ."

"ಹಾಳಾಗಲಿ. ನೀನು ಒಳಗೆ ಬರಬೇಡ."

ಅಲ್ಲಿಯವರೆಗೆ ಅವಳು ಅವನನ್ನು 'ನೀವು' ಎಂದೇ ಕರೆದಿದ್ದಳು.

ಬೋರ್ಡ್ ಹಾಳಾಯಿತು. ಅವಳು ಹೊರಬಂದಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ. ಕಾಯಿಲೆಯ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ನೀನು ಅಳ್ತಿದ್ದೆ. ನನಗೆ ನೋಡೋಕಾಗ್ತಿರಲಿಲ್ಲ."

"ಈಗೇನು ನಗ್ತಿದೀನಾ?"

ಅವನಿಗೆ ನಗು ಬಂತು, ನಗು ಕೆಮ್ಮಾಯಿತು. ಕೆಮ್ಮು ಇಳಿದ ಮೇಲೆ ನೆಲ ನೋಡುತ್ತ ಹೇಳಿದ: "ಎಷ್ಟು ದಿನ ಇರ್ತೀನೋ ಗೊತ್ತಿಲ್ಲ. ನಿನ್ನನ್ನ ಇಷ್ಟಪಟ್ಟಿದ್ದು ನಿಜ. ಹೇಳಿ ಕಟ್ಟಿಹಾಕೋದು ಬೇಡ ಅಂತ ಸುಮ್ನಿದ್ದೆ."

"ನಾಳೆ ಬಸ್ಸಿಗೆ ನನಗೂ ಟಿಕೆಟ್ ತಗೋ," ಎಂದಳು. ಅವನು ಬೇಡವೆಂದು ತಲೆಯಾಡಿಸಿದ. ಅವಳು ಅದನ್ನು ಕಾಣದವಳಂತೆ ಹತ್ತಿರ ಬಂದಳು. ಅವನಿಗೆ ಮತ್ತೆ ಉಸಿರು ಕಟ್ಟಿತು. ಅವಳ ಬಟ್ಟೆಗೆ, ಕೂದಲಿಗೆ ರೆಸಿನ್ ವಾಸನೆ ಹತ್ತಿತ್ತು.

ಅವಳು ಸರಕ್ಕನೆ ಹಿಂದೆ ಸರಿದಳು. ಹಿತ್ತಲಿಗೆ ಹೋಗಿ ಬಟ್ಟೆ ಬದಲಿಸಿ, ನಲ್ಲಿಯ ಕೆಳಗೆ ತಲೆಯೊಡ್ಡಿ ಸೋಪು ಹಚ್ಚಿ ಹಚ್ಚಿ ತೊಳೆದಳು. ನೀರು ತೊಟ್ಟಿಕ್ಕುತ್ತಲೇ ಬಂದು ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು.

"ಈಗ ಉಸಿರಾಡು," ಎಂದಳು. "ನಿಧಾನಕ್ಕೆ."