ಬಡಿಸುವವರ ಮದುವೆ

ಮುಂಗೈ ಮೇಲಿನ ಒಡನಾಟಮಾಪಕ ಮತ್ತೆ ಕೆಂಪಗೆ ಮಿನುಗಿತು: ‘ಮುಂದಾಳ್ತನ ಸಾಲದು.’ ವಾರಿಜ ಕೋಸಂಬರಿ ಪಾತ್ರೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಪದವಿಪತ್ರ ನೋಡಿ ಕೆಲಸ ಕೊಡುವ ಕಾಲ ಮುಗಿದಿತ್ತು. ನಾಲ್ಕು ಜನರ ನಡುವೆ ಮನುಷ್ಯ ಹೇಗಿರುತ್ತಾನೆಂಬುದನ್ನು ನಾಡಿ, ದನಿ, ಕೈಚಲನೆಗಳಿಂದ ಅಳೆದು ಅಂಕ ಹಾಕುವ ಈ ಬಳೆಯೇ ಈಗ ಅರ್ಹತೆ. ತಾಳ್ಮೆಯಲ್ಲಿ ವಾರಿಜಳಿಗೆ ಸಾಟಿಯಿಲ್ಲ. ಮಾತಿಗೆ ಮಾತ್ರ ಬಡತನ. ಇವತ್ತು ಸಂಜೆಯೊಳಗೆ ಬಳೆ ಹಸಿರಾಗದಿದ್ದರೆ ಸೌರವಿದ್ಯುತ್ ಕೇಂದ್ರದ ಕೆಲಸ ಬೇರೆಯವರ ಪಾಲು.

ಅದಕ್ಕೇ, ಬಳೆಯನ್ನು ಕಂಡುಹಿಡಿದ ಡಾ. ಶೇಷಗಿರಿಯವರ ಮಗಳ ಮದುವೆಯಲ್ಲಿ ಬಡಿಸಿ ಅಂಕ ಗಳಿಸಲು ಬಂದಿದ್ದಳು. ದಾವಣಗೆರೆಯ ನಿರುದ್ಯೋಗಿಗಳೆಲ್ಲ ಅದನ್ನೇ ಯೋಚಿಸಿದ್ದರು. ಬಂದ ನೆಂಟರೂ ಸೆರಗು ಸಿಕ್ಕಿಸಿ ಬಕೆಟ್ ಹಿಡಿದಿದ್ದರು. ಒಂದು ಸೌಟಿಗೆ ಮೂರು ಕೈ! ಎಲೆಯ ಮುಂದೆ ಕೂತವರು ಮದುಮಗಳ ಅಜ್ಜಿ ಭಾಗಮ್ಮ ಒಬ್ಬರೇ. ಉಣ್ಣುವುದಕ್ಕೆ ಅಂಕವಿಲ್ಲವಲ್ಲ.

“ಪಂಕ್ತಿ ತುಂಬದೆ ನಾನು ತುತ್ತೆತ್ತೋಳಲ್ಲ,” ಎಂದು ಅಜ್ಜಿ ಕೈಕಟ್ಟಿ ಕೂತರು.

ವಾರಿಜ ಪಾತ್ರೆ ಕೆಳಗಿಟ್ಟು ಪಕ್ಕದ ಎಲೆಗೆ ಕೂತಳು.

ಶೇಷಗಿರಿ ಓಡಿಬಂದರು. “ಏನಮ್ಮಾ, ಸುಮ್ಮನೆ ಕೂತರೆ ಕೆಲಸ ಸಿಗುತ್ತಾ?”

“ಅಜ್ಜಿ ಹಸಿದಿದ್ದಾರೆ, ಡಾಕ್ಟ್ರೇ. ಉಣ್ಣೋಕೂ ಜನ ಬೇಕಲ್ಲ?”

ವಿಜ್ಞಾನಿ ತಲೆ ಕೆರೆದುಕೊಂಡರು. ತಮ್ಮ ಯಂತ್ರ ಕೊಡುವುದನ್ನಷ್ಟೇ ಅಳೆಯುತ್ತಿತ್ತು, ಪಡೆಯುವುದನ್ನಲ್ಲ. ನಿಂತಲ್ಲಿಂದಲೇ ಕೇಂದ್ರಗಣಕಕ್ಕೆ ಹೊಸ ಸೂತ್ರ ಕಳಿಸಿ ಸಾರಿದರು: “ಇನ್ನುಮೇಲೆ ಜೊತೆಗೆ ಕೂತು ಉಂಡವರಿಗೂ ಅಂಕ!”

ರೆಪ್ಪೆ ಬಡಿಯುವುದರಲ್ಲಿ ಸೌಟುಗಳೆಲ್ಲ ನೆಲ ಸೇರಿದವು. ಪಂಕ್ತಿ ಭರ್ತಿ. ನಿಂತಿದ್ದವರು ಶೇಷಗಿರಿ ಮಾತ್ರ. ಅವರು ಜನ್ಮದಲ್ಲಿ ಬಡಿಸಿದವರಲ್ಲ. ಆರಿಹೋಗಿದ್ದ ಸಾರನ್ನು ನೇರ ಅತ್ತೆ ಭಾಗಮ್ಮನವರ ಎಲೆಗೇ ಹುಯ್ದರು. ಅದು ಹರಿದು ಮಡಿಲಿಗೆ ಬಂತು.

“ಅಳಿಯಂದಿರೇ, ಎಲೇಲಿ ಅನ್ನ ಇಲ್ಲ ಅಂತ ಸೀರೆಗೇ ಬಡಿಸಿದಿರಾ?”

ಪಂಕ್ತಿ ಗೊಳ್ಳೆಂದಿತು. ಶೇಷಗಿರಿಯವರ ಮುಖ ಬಾಡಿದ್ದನ್ನು ಕಂಡು ವಾರಿಜಳ ಬಾಯಿ ತಾನಾಗಿ ತೆರೆಯಿತು.

“ಬಕೆಟ್ ಇಡಿ, ಡಾಕ್ಟ್ರೇ. ಮೊದಲು ಎಲೆ ತುದಿಗೆ ಉಪ್ಪು, ಆಮೇಲೆ ಕೋಸಂಬರಿ, ಪಲ್ಯ. ಗಾಬರಿ ಬೇಡ, ಯಾರೂ ಎದ್ದು ಹೋಗಲ್ಲ. ಕೆಂಪಂಗಿಯವರೇ, ನಕ್ಕಿದ್ದು ಸಾಕು, ಅನ್ನ ತನ್ನಿ. ಅಕ್ಕಾ, ಅಜ್ಜಿಗೊಂದು ಟವೆಲ್ ಕೊಡಿ.”

ಕೆಂಪಂಗಿಯವನು ಎದ್ದ. ಅಕ್ಕನೂ ಎದ್ದರು. ಅನ್ನ ಬಂತು.

“ರೀ, ನಿಮ್ಮ ಬಳೆ ಹಸಿರಾಯ್ತು! ಕೆಲಸ ಸಿಕ್ತು!” ಎದುರು ಸಾಲಿನಿಂದ ಯಾರೋ ಕೂಗಿದರು.

“ಸಿಗಲಿ ಬಿಡಿ,” ಎಂದಳು ವಾರಿಜ, ಬಳೆಯತ್ತ ನೋಡದೆಯೇ. “ಆ ಕೊನೆಗೆ ಪಲ್ಯ ಹೋಗಿಲ್ಲ.”

ಭಾಗಮ್ಮ ಮೊದಲ ತುತ್ತೆತ್ತಿದರು. ಇಷ್ಟು ವರ್ಷ ಊರಿನ ಒಡನಾಟವನ್ನೆಲ್ಲ ಅಳೆದ ಶೇಷಗಿರಿ, ಸೌಟು ಹಿಡಿದು ಅವರ ಮುಂದೆ ಬಾಗಿ, ಮೆಲ್ಲಗೆ ಕೇಳಿದರು:

“ಅತ್ತೆ, ಇನ್ನೊಂಚೂರು?”