ಬಾಬಯ್ಯನ ಪೀಠದಲ್ಲಿ ತೆಂಗಿನಕಾಯಿ

ಹಸಿರು ಬಟ್ಟೆಯ ಗಂಟು ಬಿಚ್ಚಿದಾಗ ಒಳಗೆ ಬಾಬಯ್ಯನ ಕೈ ಇರಲಿಲ್ಲ. ಒಂದು ತೆಂಗಿನಕಾಯಿ ಇತ್ತು.

ದೇವಯ್ಯ ಆ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು, ಚಾವಡಿಯಲ್ಲಿ ನೆರೆದವರಿಗೆಲ್ಲ ತೋರಿಸಲೆಂದು ಬಿಚ್ಚಿದ್ದ. ಕಾಯಿ ಕಂಡದ್ದೇ, "ಅಯ್ಯೋ, ಮೋಸ ಆಗೋಯ್ತಲ್ರಪ್ಪ!" ಎಂದು ಪೆಟ್ಟಿಗೆಯ ಪಕ್ಕದಲ್ಲೇ ಕುಸಿದು ಕೂತ.

ಅದು ತೊಂಬತ್ತಮೂರನೇ ಇಸವಿಯ ಜೂನ್ ತಿಂಗಳು. ಪಾಲಹಳ್ಳಿಯ ಆಚೆ, ನಾಲೆಯ ದಂಡೆಯಲ್ಲಿರುವ ನಮ್ಮ ಕೊಪ್ಪಲಿನಲ್ಲಿ ಬಾಬಯ್ಯನ ಹಬ್ಬ. ಪಟ್ಟಣದವರು ಅದನ್ನು ಮೊಹರಂ ಅನ್ನುತ್ತಾರೆ. ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಒಬ್ಬ ಸಿಪಾಯಿ ಹೆಂಡತಿ ಮಕ್ಕಳೊಂದಿಗೆ ನಮ್ಮೂರಿಗೆ ಬಂದು ನೆಲೆನಿಂತನಂತೆ. ಅವನಿಗಾಗಿ ನಾಗಮಂಗಲದ ಕಂಚುಗಾರರು ಒಂದು ಅಂಗೈ ಎರಕ ಹೊಯ್ದು, ಬೆಳ್ಳಿಯ ತಗಡು ಹೊದಿಸಿ ಕೊಟ್ಟರಂತೆ. ಹಾಗೆಂದು ನಮ್ಮ ತಾತಂದಿರು ಹೇಳುತ್ತಿದ್ದರು. ಸಿಪಾಯಿಯ ವಂಶದವರು ಪಾಂಡವಪುರಕ್ಕೆ ಹೋಗಿ ಇಪ್ಪತ್ತು ವರ್ಷವಾಗಿತ್ತು. ಈಗ ಊರಿನಲ್ಲಿ ಒಂದೂ ಮುಸ್ಲಿಂ ಮನೆ ಇಲ್ಲ. ಆದರೂ ಕೈ ಊರಿನದು, ಹಬ್ಬ ಊರಿನದು. ಪೆಟ್ಟಿಗೆಯ ಬೀಗದ ಕೈ ದೇವಯ್ಯನ ಮನೆಯ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಹಬ್ಬಕ್ಕೆ ಮುಂಚೆ ಕೈ ಉಜ್ಜಿ ಹೊಳಪು ಕೊಡಲು, ಹಬ್ಬದಲ್ಲಿ ಸಕ್ಕರೆ ಓದಿಸಲು ಮಾತ್ರ ಪಾಂಡವಪುರದಿಂದ ಕಲಾಯಿ ಹಾಕುವ ಗಫಾರ್ ಸಾಬರು ಬರುತ್ತಿದ್ದರು. ನಾವು ಕೊಟ್ಟ ಸಕ್ಕರೆಯ ಪೊಟ್ಟಣದ ಮೇಲೆ ಅವರು ಮಂತ್ರ ಹೇಳಿ ಕೊಟ್ಟರೆ ಮಕ್ಕಳಿಗೆ ಜ್ವರ ಬರುವುದಿಲ್ಲ ಎಂಬುದು ನಂಬಿಕೆ.

"ಇನ್ನೇನ್ ನೋಡ್ತೀರಿ? ಇಡ್ಕೊಳ್ರಲಾ ಸಾಬನ್ನ!" ಎಂದ ದೇವಯ್ಯನ ಮಗ ದೇವರಾಜು. "ಓದ್ ವಾರ ಬಾಬಯ್ಯನ ಕೈ ಉಜ್ತೀನಿ ಅಂತ ಬಂದು ಒಬ್ನೇ ಇದ್ದೋನು ಇವ್ನೇ. ಭಾರ ಗೊತ್ತಾಗ್ಲಿ ಅಂತ ಕಾಯಿ ಸುತ್ತಿ ಮಡಗವ್ನೆ."

ಆ ವರ್ಷ ಪೇಪರಿನ ಸುದ್ದಿ ಓದಿ ಓದಿ ಜನರ ಮನಸ್ಸು ಹುಳಿಯಾಗಿತ್ತು. ಹಬ್ಬವೇ ಬೇಡ ಎಂದು ದೇವರಾಜು ಮೊದಲಿನಿಂದಲೂ ಅನ್ನುತ್ತಿದ್ದ. ಅವನೇ ಗಫಾರ್ ಸಾಬರ ಚೀಲ ಸುರಿದು ನೋಡಿದ. ಊದುಬತ್ತಿ, ಟೋಪಿ, ಎಲೆಅಡಿಕೆ ಬಿದ್ದವು.

"ಅಲ್ಲಾನ ಆಣೆ ದೇವಯ್ಯಾ, ನನ್ಗೆ ಗೊತ್ತಿಲ್ಲಪ್ಪಾ," ಎಂದರು ಸಾಬರು. "ನಲ್ವತ್ತು ವರ್ಸ ನಿಮ್ಮೂರ್ ಪಾತ್ರೆಗೆ ಕಲಾಯಿ ಹಾಕಿದ್ದೀನಿ. ಪೋಲೀಸು ಕರ್ದುಬಿಟ್ರೆ ಯಾವ ಊರಲ್ಲೂ ನನ್ಗೆ ಒಂದು ಚೊಂಬು ಕೊಡಲ್ಲ ಜನ."

ನಮ್ಮೂರಿನಲ್ಲಿ ಏನು ಕಳೆದರೂ ಮೊದಲು ಹಿಟ್ಟಿನ ಮಿಲ್ಲಿಗೆ ಹೋಗುವುದು, ಆಮೇಲೆ ಪೋಲೀಸು. ಮಿಲ್ಲು ನಡೆಸುತ್ತಿದ್ದವಳು ಜಯಲಕ್ಷ್ಮಮ್ಮ. ಎಲ್ಲರ ಮನೆಯ ಕಾಳು ಅವಳ ಮುಂದೆ ಹಾದುಹೋಗುತ್ತಿತ್ತು, ಕಾಳಿನ ಜೊತೆಗೆ ಮಾತೂ. ಕಳೆದ ಎಮ್ಮೆ, ಓಡಿಹೋದ ಅಳಿಯ, ಎಲ್ಲವನ್ನೂ ಅವಳು ಕೂತಲ್ಲೇ ಪತ್ತೆ ಮಾಡಿದ್ದಳು. ಮಿಲ್ಲಿನ ಪಕ್ಕದ ಟೀ ಅಂಗಡಿ ನನ್ನದು. ಎದ್ದು ಹೋಗಬೇಕಾದ ಕೆಲಸ ಬಿದ್ದರೆ ನನ್ನ ಲೂನಾ ಅವಳದು.

ನಾನು ಹೋಗಿ ಸುದ್ದಿ ಹೇಳಿದೆ. ಅವಳು ಬೆಲ್ಟು ನಿಲ್ಲಿಸಿ, ರಾಗಿಹಿಟ್ಟು ಮೆತ್ತಿದ ಸೆರಗನ್ನು ಕೊಡವಿಕೊಂಡು ಚಾವಡಿಗೆ ಬಂದಳು. ತೆಂಗಿನಕಾಯಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಜುಟ್ಟು ಹಾಗೇ ಇತ್ತು. ಮೈಗೆ ಅರಿಸಿನ ಸವರಿತ್ತು.

"ಸಾಬ್ರೇ, ನೀವು ಕೈ ತಗೆದಾಗ ಆ ಜಾಗ್ದಲ್ಲಿ ಏನಾದ್ರೂ ಮಡಗೋ ಪದ್ಧತಿ ಅದಾ?"

"ಇಲ್ಲಮ್ಮಾ. ಬಟ್ಟೆ ಮಡಚಿ ಇಡೋದು. ಅಷ್ಟೇ."

"ಪೆಟ್ಗೆ ಇವತ್ತೇ ತಗೀಬೇಕು ಅಂತ ಅಂದೋರ್ಯಾರು?"

"ಇವ್ರೇ," ಎಂದ ದೇವಯ್ಯ. "ನಮ್ಮ ಲೆಕ್ಕದಲ್ಲಿ ಕೈ ಕೂರ್ಸೋದು ನಾಳೆ. ಮೋಡ ಇತ್ತಲ್ಲವ್ವ, ನಮಗೆ ಚಂದ್ರ ಕಾಣ್ನಿಲ್ಲ. ಪಟ್ಟಣದೋರು ಒಂದಿನ ಮೊದ್ಲೇ ಕಂಡವ್ರಂತೆ. ಸಾಬ್ರು ಬೆಳಿಗ್ಗೆ ಬಂದು ಅಂಗಂದ್ರು."

ಜಯಲಕ್ಷ್ಮಮ್ಮ ತಲೆಯಾಡಿಸಿದಳು. "ನಿಮ್ಮಕ್ಕ ಎಲ್ಲಿ ಕಾಣಾಕಿಲ್ವಲ್ಲ?"

ದೇವಯ್ಯನ ಅಕ್ಕ ಪುಟ್ಟತಾಯಮ್ಮ ಗಂಡ ಸತ್ತ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಹಬ್ಬಕ್ಕೆ ಚಾವಡಿ ಸಾರಿಸುವವಳು ಅವಳೇ.

"ಮೊನ್ನೆ ಕೆ.ಆರ್. ಪ್ಯಾಟೆಗೆ ಓದ್ಲು, ಮಗ್ಳ ಮನೆಗೆ. ನಾಳೆ ಬೆಳಿಗ್ಗೆ ಬತ್ತೀನಿ ಅಂದವ್ಳೆ."

"ಅಕ್ಕೋ, ನೆಂಟ್ರ ವಿಚಾರ ಆಮೇಲ್ ಮಾತಾಡ್ವಂತೆ," ಎಂದ ದೇವರಾಜು. "ನಾನು ಪೋಲೀಸ್ನೋರ್ಗೆ ಯೋಳ್ತೀನಿ."

"ಬೈಗಾಗೋಗಂಟ ತಡೀಲಾ. ಪೋಲೀಸ್ನೋರು ಎಲ್ಲೂ ಓಡೋಗಾಕಿಲ್ಲ." ಅವಳು ನನ್ನ ಕಡೆ ತಿರುಗಿದಳು. "ಪುಟ್ಸಾಮಿ, ನಿನ್ ಲೂನಾಕ್ಕೆ ಪೆಟ್ರೋಲ್ ಅದಾ?"

"ಅದೆ. ಎಲ್ಲಿಗಕ್ಕ?"

"ಪಾಂಡವಪುರಕ್ಕೆ. ಅದ್ಕೂ ಮುಂಚೆ ಒಂದ್ ಮಾತು ಯೋಳು. ಪುಟ್ಟತಾಯವ್ವ ಮೊನ್ನೆ ಬಸ್ಸಿಗೆ ಕಾಯ್ತಾ ನಿನ್ ಅಂಗ್ಡೀಲಿ ಕೂತಿದ್ಲಲ್ಲ, ಟೀ ಕುಡುದ್ಲಾ?"

"ಕುಡುದ್ಲು. ಎರಡು ಚಮಚ ಸಕ್ರೆ ಆಕಿಸ್ಕೊಂಡ್ಲು. ಸಾಲ್ದು ಅಂತ ಬೈದ್ಲು."

ಜಯಲಕ್ಷ್ಮಮ್ಮ ನಕ್ಕಳು. ನನಗೆ ನಗುವಂಥದ್ದೇನೂ ಕಾಣಲಿಲ್ಲ.

ಸಾಬರಿಂದ ಯಾವುದೋ ಮನೆಯ ಗುರುತು ಕೇಳಿಕೊಂಡು ಅವಳು ಲೂನಾ ಹತ್ತಿದಳು. ದಾರಿಯುದ್ದಕ್ಕೂ ಜಿಟಿಜಿಟಿ ಮಳೆ. ಅವಳು ಹಿಂದೆ ಕೂತು ಗೋಣಿಚೀಲದ ಕೊಪ್ಪೆಯನ್ನು ಇಬ್ಬರಿಗೂ ಹಿಡಿದಿದ್ದಳು. ಪಾಂಡವಪುರದ ಒಂದು ಸಣ್ಣ ಬೀದಿಯಲ್ಲಿ ಲೂನಾ ನಿಲ್ಲಿಸಲು ಹೇಳಿ, ತಗಡಿನ ಮಾಡಿನ ಮನೆಯೊಂದಕ್ಕೆ ಒಬ್ಬಳೇ ಹೋದಳು. ನಾನು ಎರಡು ಬೀಡಿ ಸೇದುವಷ್ಟು ಹೊತ್ತು ಕಾದೆ. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿದ್ದವು. ಕೈ ಬರಿದಾಗಿತ್ತು.

"ಸಿಕ್ತಾ ಅಕ್ಕ?"

"ಸಿಕ್ತು ಕಣ್ಲಾ. ತರಾಕೆ ಮನಸು ಬರ್ನಿಲ್ಲ. ನಡಿ, ಚಾವಡಿಗೆ."

ಹೊತ್ತು ಮುಳುಗುವ ಮುಂಚೆ ಊರೆಲ್ಲ ಸೇರಿತ್ತು. ಗಫಾರ್ ಸಾಬರು ಬೆಳಗ್ಗೆ ಕೂತ ಜಗಲಿಯ ಮೂಲೆಯಲ್ಲೇ ಕೂತಿದ್ದರು. ಮಧ್ಯಾಹ್ನದ ಊಟದ ತಟ್ಟೆ ಹಾಗೇ ಇತ್ತು. ಜಯಲಕ್ಷ್ಮಮ್ಮ ತೆಂಗಿನಕಾಯಿಯನ್ನು ಪೆಟ್ಟಿಗೆಯ ಮೇಲಿಟ್ಟಳು.

"ಮೊದ್ಲು ಸಾಬ್ರ ವಿಚಾರ. ಕದ್ದೋನು ಪೆಟ್ಗೆ ತಗೆಯೋದು ತಡ ಆಗ್ಲಿ ಅಂತಾನೆ. ಇವ್ರು ಒಂದಿನ ಮೊದ್ಲೇ ತಗೀರಿ ಅಂತ ಕೂತ್ರು. ಕಳ್ಳ ಅಂಗಂತಾನಾ, ದೇವಯ್ಯಣ್ಣ?"

ದೇವಯ್ಯ ಇಲ್ಲವೆಂದು ತಲೆಯಾಡಿಸಿದ.

"ಇನ್ನು ಕಾಯಿ. ಭಾರಕ್ಕೆ ಮಡಗೋನು ಒಂದು ಕಲ್ಲು ಮಡಗ್ತಿದ್ದ. ಇದರ ಜುಟ್ಟು ಬುಟ್ಟವ್ರೆ, ಅರಿಸಿನ ಅಚ್ಚವ್ರೆ. ಗುಡಿಯಿಂದ ದೇವ್ರನ್ನ ಎತ್ತಿದಾಗ ನಾವೇನ್ ಮಾಡ್ತೀವಿ? ಪೀಠ ಬರಿದಾಗ್ಬಾರ್ದು ಅಂತ ಕಳಸದ ಕಾಯಿ ಮಡಗ್ತೀವಿ. ಸಾಬ್ರಲ್ಲಿ ಆ ಪದ್ಧತಿ ಇಲ್ಲ. ಅಂದ್ರೆ ತಗೊಂಡೋದೋರು ನಮ್ಮೋರೇ. ಕೈ ವಾಪಸ್ ಬರೋಗಂಟ ಈ ಕಾಯಿ ಕಾಯ್ಲಿ ಅಂತ ಮಡಗವ್ರೆ."

ಜನರಲ್ಲಿ ಗುಸುಗುಸು ಎದ್ದಿತು. ಯಾರೋ ದೇವರಾಜುವಿನ ಕಡೆ ನೋಡಿದರು.

"ನನ್ ಮಕ ಯಾಕ್ರಲಾ ನೋಡ್ತೀರಿ?"

"ನೀನಲ್ಲ ಬುಡು," ಎಂದಳು ಜಯಲಕ್ಷ್ಮಮ್ಮ. "ನಿನ್ಗೆ ಇದ್ರ ಮೇಲೆ ನಂಬ್ಕೆನೇ ಇಲ್ಲ. ಅರಿಸಿನ ಅಚ್ಚೋಕೆ ನಿನ್ಗೆಲ್ಲಿ ತೋಚ್ತದೆ? ನಿಮ್ಮಪ್ಪನೂ ಅಲ್ಲ. ತಗೆದೋನಾಗಿದ್ರೆ ಅಷ್ಟು ಜನದ ಮುಂದೆ ಗಂಟು ಬಿಚ್ತಿರ್ನಿಲ್ಲ. ಆದ್ರೆ ಬೀಗದ ಕೈ ಇದ್ದದ್ದು ನಿಮ್ಮನೇಲಿ. ಆ ಮನೇಲಿ ಇನ್ನೊಬ್ರು ಅವ್ರೆ."

"ಅಕ್ಕನಾ?" ಎಂದ ದೇವಯ್ಯ. "ಅವ್ಳು ಪ್ಯಾಟೇಲವ್ಳೆ!"

"ನಿಮ್ಮಕ್ಕನ ಮಗ್ಳು ಪ್ರತಿ ವರ್ಸ ಈ ಹಬ್ಬಕ್ಕೆ ಇಲ್ಲಿಗೇ ಬತ್ತಾಳೆ. ಬರೋ ಮಗ್ಳ ಮನೆಗೆ ಹಬ್ಬದ ವಾರದಲ್ಲಿ ಯಾವ ತಾಯಿ ಓಯ್ತಾಳೆ? ಅದೂ ಬುಡು. ಓಗೋ ಹಿಂದಿನ ದಿನ ಮಿಲ್ಲಿಗೆ ಗೋಧಿ ತಂದಿದ್ಲು. ರಾಗಿ ಬೀಸೋ ಊರಲ್ಲಿ ಹಬ್ಬಕ್ಕೆ ಮುಂಚೆ ಯಾರು ಗೋಧಿ ಬೀಸುಸ್ತಾರೆ? ನಾನು ಕೇಳುದ್ರೆ, 'ಸಕ್ರೆ ಕಾಯ್ಲೆ ಕಣವ್ವ, ಡಾಕ್ಟ್ರು ಚಪಾತಿ ತಿನ್ನು ಅಂದವ್ರೆ' ಅಂದ್ಲು. ಮಾರನೇ ದಿನ ಪುಟ್ಸಾಮಿ ಅಂಗ್ಡೀಲಿ ಟೀಗೆ ಎರಡು ಚಮಚ ಸಕ್ರೆ ಸಾಲ್ದು ಅಂತ ಜಗಳ ಆಡವ್ಳೆ."

ಚಾವಡಿಯಲ್ಲಿ ನಗು ಎದ್ದಿತು. ಆಗ ನನಗೂ ಅರ್ಥವಾಯಿತು.

"ಗೋಧಿ ಹಿಟ್ಟಿಗೆ ಬೆಲ್ಲ ಸೇರುದ್ರೆ ಚೊಂಗೆ, ಬಾಬಯ್ಯನ ಹಬ್ಬದ ಸಿಹಿ ರೊಟ್ಟಿ. ಈ ಹಬ್ಬಕ್ಕೆ ಚೊಂಗೆ ತಟ್ಟಿ ಊರಿಗೆಲ್ಲ ಹಂಚ್ತಿದ್ದೋರು ಯಾರು?"

ಹಿರಿಯರಿಗೆಲ್ಲ ಗೊತ್ತಿತ್ತು. ಸಿಪಾಯಿಯ ವಂಶದ ಕೊನೆಯ ಸೊಸೆ ಮಾಬೂಬಿ. ಪುಟ್ಟತಾಯಮ್ಮನೂ ಅವಳೂ ಒಂದೇ ಬಾವಿಯಲ್ಲಿ ನೀರು ಸೇದುತ್ತ ವಯಸ್ಸು ಕಳೆದವರು.

"ಮಾಬೂಬಿ ಹಾಸಿಗೆ ಹಿಡಿದವ್ಳೆ," ಎಂದಳು ಜಯಲಕ್ಷ್ಮಮ್ಮ. ಅವಳ ದನಿ ಇಳಿಯಿತು. "ಸಾಯೋ ಮುಂಚೆ ಬಾಬಯ್ಯನ ಕೈ ಒಂದ್ ಸಲ ಮುಟ್ಬೇಕು ಅಂದ್ಲಂತೆ. ಪುಟ್ಟತಾಯವ್ವ ಯಾರನ್ನ ಕೇಳ್ಬೇಕು? ಕೈ ಊರಿನ ಸೀಮೆ ದಾಟ್ಬಾರ್ದು ಅಂತೀರಿ ನೀವು. ಹಬ್ಬನೇ ಬೇಡ ಅಂತಾನೆ ಇವ್ನು. ಅದ್ಕೇ ಕಾಯಿ ಮಡಗಿ, ಸೆರಗಲ್ಲಿ ಸುತ್ಕೊಂಡು ಬಸ್ ಹತ್ತವ್ಳೆ. ನಾಳೆ ಮುಂಜಾನೆ, ಪೆಟ್ಗೆ ತಗೆಯೋ ಮುಂಚೆ ತಂದು ಮಡಗೋದು ಅವ್ಳ ಲೆಕ್ಕ. ಆ ಮೋಡ ಅವ್ಳ ಲೆಕ್ಕ ಕೆಡಿಸ್ತು. ಇಲ್ಲಿ ಸಾಬ್ರನ್ನ ಕೂಡಾಕಿದ್ದೀರಿ ಅಂದಾಗ ಪುಟ್ಟತಾಯವ್ವ ಎದೆ ಎದೆ ಬಡ್ಕೊಂಡ್ಲು."

"ಮತ್ತೆ ಯಾಕವ್ವ ತರ್ನಿಲ್ಲ?" ಎಂದ ದೇವಯ್ಯ.

"ಮಾಬೂಬಿ ಅದನ್ನ ಎದೆ ಮೇಲೆ ಮಡಗ್ಕೊಂಡು, ಅದ್ರ ಬೆರಳಿಗೆ ಬೆರಳು ಕೊಟ್ಟು ಮಲಗವ್ಳೆ. ನೀನು ಬುಡುಸ್ತೀಯಾ ದೇವಯ್ಯಣ್ಣ? ನನ್ ಕೈಲಾಗ್ನಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದು ಮಾತು. ಇಪ್ಪತ್ತು ವರ್ಸ ಪ್ರತಿ ಹಬ್ಬಕ್ಕೂ ಅವ್ಳು ಬಾಗ್ಲ ಕಡೆ ಮಕ ಮಾಡಿ ಕೂತಿರ್ತಿದ್ಲಂತೆ, ನಮ್ಮೂರೋರು ಕರೆಯೋಕೆ ಬತ್ತಾರೆ ಅಂತ. ಸಕ್ರೆ ಓದಾಕೆ ಸಾಬ್ರನ್ನ ಕರುದ್ವಿ. ಅವ್ಳನ್ನ ಯಾರೂ ಕರೀನಿಲ್ಲ. ಕರೀದೆ ಎಂಗ್ ಬರೋದು ಅಂತಾಳೆ."

ಮಾಬೂಬಿಯ ಹಳೆಯ ಮನೆಯ ಜಾಗ ಚಾವಡಿಯ ಎದುರಿಗೇ ಇತ್ತು. ಅಲ್ಲೀಗ ಯಾರದೋ ಹುಲ್ಲಿನ ಮೆದೆ.

ಹಿಂದಿನ ಸಾಲಿನಿಂದ ಚಿಕ್ಕಬೋರಮ್ಮ ಎಂಬ ಹಣ್ಣುಮುದುಕಿ ಕೂಗಿದಳು: "ಲೇ ದೇವ್ರಾಜ, ಎಳೆಮಗಾಗಿದ್ದಾಗ ನಿನ್ಗೆ ಜ್ವರ ಬಂದು ಕಣ್ಣು ಮೇಲಾಗಿತ್ತಲ್ಲ, ಆಗ ಹರಕೆ ಒತ್ತು ನಿನ್ನ ಬಾಬಯ್ಯನ ಫಕೀರನ ಮಾಡಿ, ಹಸ್ರು ದಾರ ಕಟ್ಟಿ, ಬೆಳಗಾಗೋಗಂಟ ಮಡ್ಲಲ್ಲಿ ಮಡಗ್ಕೊಂಡಿದ್ದೋಳು ಅವ್ಳೇ ಕಣ್ಲಾ. ನಿನ್ಗೆಲ್ಲಿ ಜ್ಞಾಪ್ಕ ಇದ್ದಾತು!"

ದೇವರಾಜು ಸಾಬರ ಹತ್ತಿರ ಹೋಗಿ, ಬೆಳಗ್ಗೆ ತಾನೇ ಸುರಿದಿದ್ದ ಎಲೆಅಡಿಕೆ, ಊದುಬತ್ತಿ, ಟೋಪಿ ಆರಿಸಿ ಅವರ ಚೀಲಕ್ಕೆ ತುಂಬಿದ. "ತಪ್ಪಾಯ್ತು ಸಾಬ್ರೇ. ಊಟ ಮಾಡಿ," ಎಂದ. ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ಟ್ರ್ಯಾಕ್ಟರು ಪಾಂಡವಪುರದ ದಾರಿ ಹಿಡಿದ ಸದ್ದು ಕೇಳಿಸಿತು.

ನಾವು ಹಬ್ಬದ ಬೆಂಕಿಯ ಕೊಂಡಕ್ಕೆ ಸೌದೆ ಜೋಡಿಸಿ ಕಾದೆವು. ಟ್ರ್ಯಾಕ್ಟರು ವಾಪಸಾದಾಗ ಟ್ರೈಲರಿನಲ್ಲಿ ಹುಲ್ಲು ಹಾಸಿ, ಅದರ ಮೇಲೊಂದು ಮಂಚ ಇಟ್ಟಿತ್ತು. ಮಂಚದ ಮೇಲೆ ಮಾಬೂಬಿ, ಪಕ್ಕದಲ್ಲಿ ಅವಳ ತಲೆಗೆ ಕೊಡೆ ಹಿಡಿದ ಪುಟ್ಟತಾಯಮ್ಮ. ಮಂಚವನ್ನು ದೇವಯ್ಯನೂ ಅವನ ಮಗನೂ ಹೆಗಲು ಕೊಟ್ಟು ಇಳಿಸಿದರು.

ಮಾಬೂಬಿ ಕತ್ತೆತ್ತಿ ಸುತ್ತಲೂ ನೋಡಿದಳು. "ಪುಟ್ತಾಯಿ, ನಮ್ಮ ಬೇವಿನ ಮರ ಎಲ್ಲೇ?"

"ಕಡುದ್ಬುಟ್ರು ಕಣೇ."

"ಬಾವಿ?"

"ಅದೆ, ಅದೆ. ನೀರೂ ಅದೆ."

"ಹಂಗಾದ್ರೆ ಒಂದು ಚೊಂಬು ತಾರೇ."

ಎರಡೇ ಗುಟುಕು ಕುಡಿದಳು. "ಅದೇ ರುಚಿ," ಎಂದು ಕಣ್ಣು ಮುಚ್ಚಿದಳು. ಆಮೇಲೆ ತಾನಾಗಿಯೇ ಬೆರಳು ಬಿಡಿಸಿಕೊಂಡು, ಬಾಬಯ್ಯನ ಕೈಯನ್ನು ಗಫಾರ್ ಸಾಬರಿಗೆ ಕೊಟ್ಟಳು. ಆ ರಾತ್ರಿ ಅವರು ಓದಿದ ಮೊದಲ ಪೊಟ್ಟಣ ದೇವರಾಜು ತಂದ ಸಕ್ಕರೆಯದು.

ದೀಪಾವಳಿಯ ಹೊತ್ತಿಗೆ ಮಾಬೂಬಿ ತೀರಿಕೊಂಡಳು. ಮಣ್ಣಿಗೆ ಊರಿನಿಂದ ಎರಡು ಟ್ರ್ಯಾಕ್ಟರಿನ ತುಂಬ ಜನ ಹೋದೆವು. ಅಲ್ಲಿಂದೀಚೆಗೆ ಪ್ರತಿ ಹಬ್ಬಕ್ಕೂ ಅವಳ ಮಗನ ಮನೆಯವರನ್ನು ಕರೆಯಲು ದೇವರಾಜುವೇ ಹೋಗುತ್ತಾನೆ. ಕೈ ಮೆರವಣಿಗೆ ಹೊರಟಾಗ ಖಾಲಿ ಪೆಟ್ಟಿಗೆಯಲ್ಲಿ ಅರಿಸಿನ ಹಚ್ಚಿದ ಕಾಯಿ ಇಡುವುದು ಈಗ ನಮ್ಮೂರಿನ ಪದ್ಧತಿ. ಅದು ತಾತಮುತ್ತಾತಂದಿರ ಕಾಲದ್ದೆಂದು ಹುಡುಗರು ಆಗಲೇ ನಂಬಿದ್ದಾರೆ. ಕೇಳಿದವರಿಗೆ ನಾನು ಈ ಕತೆ ಹೇಳುತ್ತೇನೆ.

ಪುಟ್ಟತಾಯಮ್ಮ ಈಗಲೂ ಹಬ್ಬದ ಮುಂಚೆ ಜಯಲಕ್ಷ್ಮಮ್ಮನ ಮಿಲ್ಲಿಗೆ ಗೋಧಿ ತರುತ್ತಾಳೆ. ಬೀಸಿ ಮುಗಿಯುವವರೆಗೆ ನನ್ನ ಅಂಗಡಿಯ ಬೆಂಚಿನ ಮೇಲೆ, ಪಾಂಡವಪುರದ ದಾರಿಗೆ ಮುಖ ಮಾಡಿ ಕೂರುತ್ತಾಳೆ. ಯಾರಿಗೆ ಕಾಯ್ತಿದ್ದೀಯವ್ವ ಎಂದು ನಾನು ಕೇಳುವುದಿಲ್ಲ. ಟೀಗೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತೇನೆ, ಅಷ್ಟೇ.