ಐದನೇ ಸೆನ್ಸರಿನ ಹಟ

"ನೀನು ಬಳಿದಿರೋ ಬಿಳಿ ಸರಿ ಇಲ್ಲ," ಎಂದಳು ತೂವಾ, ಏಣಿಯ ಬುಡದಲ್ಲಿ ನಿಂತು.

ಏಣಿಯ ಮೇಲಿದ್ದ ಎಸ್ಕಿಲ್ ಬ್ರಷ್ ನಿಲ್ಲಿಸಿ ಕೆಳಗೆ ನೋಡಿದ. ಹತ್ತು ವರ್ಷದಿಂದ ಬಣ್ಣ ಬಳಿಯುತ್ತಿದ್ದವನಿಗೆ ಯಾರೂ ಹಾಗೆ ಅಂದಿರಲಿಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ನಿನ್ನ ಕಂಪ್ಯೂಟರ್ ತಪ್ಪು ಹೇಳಿದ್ರೆ ನನ್ನ ಗೋಡೆ ಏನ್ ಮಾಡುತ್ತೆ?"

ಉಮೆಯೋ ಊರಿನ ಆ ಹಳೆಯ ಗ್ರಂಥಾಲಯದ ದುರಸ್ತಿ ಮುಗಿಯುತ್ತ ಬಂದಿತ್ತು. ಓದುವ ಹಾಲ್‌ನ ದೀಪಗಳು ಇನ್ನು ಮುಂದೆ ಹೊರಗಿನ ಬೆಳಕು ನೋಡಿಕೊಂಡು ತಾವೇ ಏರಿಳಿಯಬೇಕು. ಅದಕ್ಕೆಂದು ಚಾವಣಿಯಲ್ಲಿ ಏಳು ಬೆಳಕಿನ ಸೆನ್ಸರ್‌ಗಳಿದ್ದವು. ತೂವಾ ಕಂಪ್ಯೂಟರಿನೊಳಗೆ ಅದೇ ಹಾಲ್ ಕಟ್ಟಿದ್ದಳು. ಅದೇ ಮೇಜು, ಅದೇ ಕಿಟಕಿ, ಹೊರಗಿನ ಮಾರ್ಚ್ ತಿಂಗಳ ಹಿಮ ಕೂಡ. ಒಂದೊಂದು ಕಿರಣವೂ ಎಲ್ಲಿ ತಾಗಿ ಎಲ್ಲಿಗೆ ಪುಟಿಯುತ್ತದೆಂದು ಬೆನ್ನು ಹತ್ತಿ, ಯಾವ ಸೆನ್ಸರ್ ಎಷ್ಟು ತೋರಿಸಬೇಕೆಂದು ಅದು ಹೇಳುತ್ತಿತ್ತು. ಶುಕ್ರವಾರದೊಳಗೆ ಎರಡೂ ಹಾಲ್‌ಗಳ ಅಂಕಿ ಹೊಂದಬೇಕು. ಇಲ್ಲದಿದ್ದರೆ ಅವಳ ಐದು ತಿಂಗಳ ಕೆಲಸ ಮೂಲೆಗೆ ಬಿದ್ದು, ಗೋಡೆಗೆ ಹಳೆಯ ಸ್ವಿಚ್ ಬರುತ್ತದೆ.

ಆರು ಸೆನ್ಸರ್‌ಗಳು ಹೇಳಿದ ಮಾತು ಕೇಳಿದವು. ಐದನೆಯದು ಮಾತ್ರ ದಿನಾ ಎರಡೂವರೆಗೆ ಹಟ ಹಿಡಿಯುತ್ತಿತ್ತು. ಬೆಳಕು ಐನೂರ ಎಂಬತ್ತು ಎಂದು ಲೆಕ್ಕ ಹೇಳಿದರೆ ಅದು ಆರುನೂರ ನಲವತ್ತು ಅನ್ನುತ್ತಿತ್ತು. ಕಾಲು ಗಂಟೆ ಕಳೆದ ಮೇಲೆ ಮತ್ತೆ ಸಾಧು. ಗೋಡೆಯ ಬಿಳಿಯೇ ಹೆಚ್ಚು ಬೆಳಕು ಪುಟಿಸುತ್ತಿರಬೇಕೆಂದು ತೂವಾಳ ಗುಮಾನಿ.

ಎಸ್ಕಿಲ್ ಮುಖ ಊದಿಸಿಕೊಂಡೇ ಮರುದಿನ ಅದೇ ಬಿಳಿ ಬಳಿದ ಒಂದು ಹಲಗೆ ತಂದುಕೊಟ್ಟ. ತೂವಾ ಅಳೆದಳು. ಅವಳ ಲೆಕ್ಕದ ಬಿಳಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ತಪ್ಪಾಯ್ತು," ಎಂದಳು ಮೆಲ್ಲಗೆ.

"ಇನ್ನೊಂದ್ಸಲ ಹೇಳು, ಕೇಳಿಸ್ಲಿಲ್ಲ."

"ಕೇಳಿಸ್ತು ನಿಂಗೆ!"

ಅವನು ನಕ್ಕ. ಹುಬ್ಬಿನ ಮೇಲೊಂದು ಬಿಳಿ ಹನಿ ಒಣಗಿತ್ತು. ಅದನ್ನು ಉಗುರಿನಿಂದ ಕೆರೆದು ತೆಗೆಯಬೇಕೆಂದು ಅವಳ ಬೆರಳು ತುಡಿಯಿತು. ಛೆ, ಇದೇನು ಹುಚ್ಚು ಎಂದುಕೊಂಡು ಕೈಯನ್ನು ಜೇಬಿಗೆ ತುರುಕಿದಳು.

ಎರಡೂವರೆಗೆ ಹಾಲ್‌ಗೆ ಹೋಗಿ ಕಣ್ಣಾರೆ ನೋಡಬಹುದಿತ್ತಲ್ಲ ಎಂದರೆ, ಅದು ಕಾಫಿಯ ಹೊತ್ತು. ಬಣ್ಣ ಮೆತ್ತಿದ ಬಟ್ಟೆಯವರನ್ನು ಬಿಟ್ಟು ಉಳಿದವರೆಲ್ಲ ಅಂಗಳದಾಚೆಯ ಕಾಫಿ ಕೋಣೆಯಲ್ಲಿ ಕೂರಲೇಬೇಕು. ಗ್ರಂಥಾಲಯದ ಮುಖ್ಯಸ್ಥೆ ಗುನ್ವೋರ್ ಏಲಕ್ಕಿ ಬನ್ ಹಂಚುತ್ತ, ಬಾರದವರ ಹೆಸರು ಹಿಡಿದು ವಿಚಾರಿಸುತ್ತಿದ್ದರು. ಐದು ತಿಂಗಳಲ್ಲಿ ತೂವಾ ಒಂದು ದಿನವೂ ತಪ್ಪಿಸಿರಲಿಲ್ಲ.

ಗುರುವಾರ ತಪ್ಪಿಸಿದಳು.

ಬಾಗಿಲು ತಳ್ಳಿದರೆ, ಐದನೇ ಸೆನ್ಸರಿನ ಕೆಳಗೆ, ಕಿಟಕಿಯ ಬಿಸಿಲಿನಲ್ಲಿ, ತಲೆಯಿಂದ ಕಾಲಿನವರೆಗೆ ಪೇಂಟರ್‌ನ ಬಿಳಿ ಬಟ್ಟೆ ತೊಟ್ಟು ಎಸ್ಕಿಲ್ ನಿಂತಿದ್ದ. ಕೈಯಲ್ಲಿ ಕಾಫಿ ಲೋಟ. ಅಂಗಳದಾಚೆಗೆ ಕತ್ತು ಉದ್ದ ಮಾಡಿ ಏನೋ ಹುಡುಕುತ್ತಿದ್ದ.

"ಯಾರನ್ನ ಹುಡುಕ್ತಿದ್ದೀಯ?"

ಬೆಚ್ಚಿಬಿದ್ದು ತಿರುಗಿದ. ಕಾಫಿ ತುಳುಕಿತು. ಕಿವಿ ಕೆಂಪಾಯಿತು.

"ನಿನ್ನನ್ನೇ," ಎಂದ. "ದಿನಾ ಆ ಕಿಟಕಿ ಪಕ್ಕಾನೇ ಕೂರ್ತೀಯ. ಬನ್ ಮೇಲಿನ ಸಕ್ಕರೆ ಮೊದಲು ತಿಂತೀಯ. ಗುನ್ವೋರ್ ಏನಾದ್ರೂ ಅಂದ್ರೆ ಮೇಜು ತಟ್ಟಿ ನಗ್ತೀಯ. ಇವತ್ತು ಕಾಣ್ಲಿಲ್ಲ, ಹುಷಾರಿಲ್ವೇನೋ ಅಂತ..."

ತೂವಾ ಫೋನಿನಲ್ಲಿ ಐದನೇ ಸೆನ್ಸರಿನ ಅಂಕಿ ನೋಡಿದಳು. ಆರುನೂರ ನಲವತ್ತು.

"ಅಯ್ಯೋ, ನೀನೇನಾ ಅದು!"

ಪುಸ್ತಕದ ಬೆನ್ನುಗಳನ್ನೂ ಬಿಡದೆ ಎಣಿಸಿ ಆ ಹಾಲ್ ಕಟ್ಟಿದ್ದವಳು ಅದರಲ್ಲಿ ಒಬ್ಬ ಮನುಷ್ಯನನ್ನೂ ಇಟ್ಟಿರಲಿಲ್ಲ. ಅವಳ ಕಸುಬಿನವರೆಲ್ಲ ಮಾಡುವುದೇ ಹಾಗೆ, ಖಾಲಿ ಕೋಣೆಯಲ್ಲೇ ಲೆಕ್ಕ ಹಾಕುತ್ತಾರೆ. ಬಿಸಿಲು ಅವನ ಬಿಳಿ ಬಟ್ಟೆಗೆ ತಾಗಿ ಚಾವಣಿಗೆ ಪುಟಿಯುತ್ತಿತ್ತು. ಅವನು ಅವಳನ್ನು ನೋಡಿದ್ದಷ್ಟೂ ಹೊತ್ತನ್ನು ಸೆನ್ಸರ್ ಬರೆದಿಟ್ಟುಕೊಂಡಿತ್ತು. ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

ಸಂಜೆ ಕಂಪ್ಯೂಟರಿನ ಹಾಲ್‌ನಲ್ಲಿ ಬಿಳಿ ಬಟ್ಟೆಯ ಮನುಷ್ಯಾಕೃತಿಯೊಂದನ್ನು ನಿಲ್ಲಿಸಿದಳು. ಲೆಕ್ಕ ಈಗ ಆರುನೂರ ಮೂವತ್ತೆಂಟು ಅಂದಿತು. ಗುನ್ವೋರ್ ಕನ್ನಡಕ ಸರಿಸಿ ಇಣುಕಿದರು.

"ಲೆಕ್ಕ ಸರಿಯಾಯ್ತು, ನಿನ್ನ ಕೆಲಸ ಉಳೀತು. ಅದ್ಸರಿ ಹುಡುಗಿ, ಅವನ ಎತ್ತರ, ಭುಜದ ಅಗಲ ಎಲ್ಲ ಯಾವಾಗ ಅಳೆದೆ?"

"ಅಳೀಲಿಲ್ಲ. ಅಂದಾಜು."

"ಅಂದಾಜು ಭಾಳ ಚೆನ್ನಾಗಿದೆ!"

ಶುಕ್ರವಾರ ಎಸ್ಕಿಲ್‌ನ ಕೊನೆಯ ದಿನ. ಮುಂದಿನ ಕೆಲಸ ಷೆಲೆಫ್ಟಿಯೊದಲ್ಲಿ, ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಎರಡೂವರೆಗೆ ಅವನು ಅದೇ ಜಾಗದಲ್ಲಿ ನಿಂತಿದ್ದಾಗ, ತೂವಾ ಎರಡು ಬನ್ ಹಿಡಿದು ಬಂದು ಪಕ್ಕದಲ್ಲಿ ನಿಂತಳು.

"ಸೋಮವಾರದಿಂದ ನಿನ್ನ ಲೆಕ್ಕ ಕೆಡಿಸೋರು ಯಾರೂ ಇರಲ್ಲ," ಎಂದ ಅವನು. ಧ್ವನಿ ಸಣ್ಣದಾಗಿತ್ತು.

"ಅದೇ ನಂಗೆ ಬೇಜಾರು. ನಿನ್ನನ್ನ ತೆಗೆದ್ರೆ ಆ ಹಾಲ್ ಖಾಲಿ ಕಾಣುತ್ತೆ ಎಸ್ಕಿಲ್. ನಂಗೆ ನೀನು ಬೇಕು." ಹಾಗೆಂದವಳೇ ಅವನ ಹುಬ್ಬಿನ ಮೇಲಿನ ಬಣ್ಣದ ಹನಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದಳು. ಅವನು ಆ ಕೈಯನ್ನು ಹಿಡಿದುಕೊಂಡ, ಬಿಡಲಿಲ್ಲ.

"ಭಾನುವಾರ ಮೊದಲನೇ ಬಸ್ಸಿಗೇ ಬರ್ತೀನಿ," ಎಂದ.

ಫೋನ್ ಬಡಿದುಕೊಂಡಿತು. ಅಂಗಳದಾಚೆಯ ಕಿಟಕಿಯಲ್ಲಿ ಗುನ್ವೋರ್ ಫೋನ್ ಕಿವಿಗಿಟ್ಟು, ಅರ್ಧ ಬನ್ ಎತ್ತಿ ಆಡಿಸುತ್ತಿದ್ದರು. "ಏನಮ್ಮಾ, ಐದನೇದು ಆರುನೂರಕ್ಕೆ ಇಳಿದಿದೆ! ಮತ್ತೆ ತಪ್ಪಾಯ್ತಲ್ಲ?"

ತೂವಾ ಬೆಳಕು ನುಂಗುತ್ತಿದ್ದ ತನ್ನ ಕಪ್ಪು ಸ್ವೆಟರ್ ನೋಡಿಕೊಂಡಳು. ಅವನ ಬಿಳಿ ತೋಳಿಗೆ ಇನ್ನಷ್ಟು ಒತ್ತಿ ನಿಂತಳು.

"ಇರ್ಲಿ ಬಿಡಿ ಗುನ್ವೋರ್," ಎಂದಳು. "ಇವತ್ತು ಇಲ್ಲಿ ಇಬ್ಬರಿದ್ದೀವಿ."